ಕಬ್ಬಿನ ಲಾರಿಗೆ ಕಾಯುವ ಆನೆ

ಸಂತೆಮರಹಳ್ಳಿ

ಮುದ್ದಿನ ಕೂಸಿಗೆ,

ಚಳಿಗೆ ನಿಮ್ಮಜ್ಜಿಯ ಮಂಡಿನೋವು ಸ್ವಲ್ಪ ಹೆಚ್ಚಾಗಿದೆ, ಅದು ಬಿಟ್ಟರೆ ಬಾಯಿ ಮೊದಲಿನ ಹಾಗೇ ಜೋರಾಗಿದೆ.

ನಿನ್ನ ಕಾಗದ ಓದಿದೆ. ಫೋನಿನಲ್ಲಿ ಬರೆದರೆ ತಾತ ಅರ್ಧ ಓದಿ ಬಿಡುತ್ತಾನೆ ಅಂತ ಕೈಯಲ್ಲೇ ಪುಟಗಟ್ಟಲೆ ಬರೆದಿದ್ದೀಯ. ಅದಕ್ಕೇ ನಾನೂ ಕನ್ನಡಕ ಏರಿಸಿಕೊಂಡು ಕೂತೆ. ಎಂಎಸ್ಸಿ ಮುಗಿಯುತ್ತಿದ್ದ ಹಾಗೆ ಬಂಡೀಪುರದ ಅಂಚಿನ ರೆಸಾರ್ಟ್ ಒಂದರಲ್ಲಿ, ಬಂದವರಿಗೆ ಪ್ರಾಣಿ ತೋರಿಸಿ ವಿವರ ಹೇಳುವ ಕೆಲಸಕ್ಕೆ ಕರೆದಿದ್ದಾರೆ ಅಂದೆ. ಸಂತೋಷ. ಜೊತೆಗೆ ಒಂದು ಮಾತು ಕೇಳಿದ್ದೀಯ: ‘ಅವಕ್ಕೆ ನಮ್ಮ ಭಯ, ನಮಗೆ ಅವುಗಳ ಭಯ. ಕಾಡುಪ್ರಾಣಿಗಳು ನಿಧಾನಕ್ಕೆ ಮನುಷ್ಯರಿಗೆ ಒಗ್ಗಿಕೊಂಡುಬಿಟ್ಟರೆ ಎರಡೂ ಭಯ ಹೋಗಿ ಜಗಳವೇ ಇರುವುದಿಲ್ಲ, ಅಲ್ಲವಾ ತಾತ?’

ನಾನು ನಿನ್ನ ಹಾಗೆ ಓದಿದವನಲ್ಲ. ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದು ಆಸನೂರು ಲೈನು, ಊಟಿ ಲೈನು ಅಂತ ವಯಸ್ಸು ಸವೆಸಿದವನು. ಆದರೆ ಆನೆ ಒಗ್ಗಿಕೊಳ್ಳುವುದನ್ನು ನಾನು ಮುಂದಿನ ಗಾಜಿನಲ್ಲೇ ನೋಡಿದ್ದೇನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಚಾಮರಾಜನಗರ ಬಿಟ್ಟು ಸತ್ಯಮಂಗಲದ ರಸ್ತೆ ಹಿಡಿದರೆ ಪುಣಜನೂರು ಚೆಕ್‌ಪೋಸ್ಟ್ ದಾಟುತ್ತಿದ್ದಂತೆ ಎರಡೂ ಕಡೆ ಕಾಡು. ಮುಂದೆ ತಮಿಳುನಾಡಿನ ಗಡಿ, ಕಾರಪಳ್ಳಂ ಚೆಕ್‌ಪೋಸ್ಟ್, ಆಸನೂರು, ಆಮೇಲೆ ದಿಂಬಂ ಘಾಟಿಯ 27 ತಿರುವು. ನಮ್ಮ ಕಡೆಯ ಕಬ್ಬು, ತಾಳವಾಡಿ ಕಡೆಯ ಕಬ್ಬು ಲಾರಿಗಟ್ಟಲೆ ಸತ್ಯಮಂಗಲದ ಫ್ಯಾಕ್ಟರಿಗೆ ಇಳಿಯುವುದು ಇದೇ ದಾರಿಯಲ್ಲಿ. ಲೋಡು ಯಾವತ್ತೂ ಮಿತಿಯಲ್ಲಿರುವುದಿಲ್ಲ. ಒಂದು ಟ್ರಿಪ್ಪಿಗೆ ಎಷ್ಟು ಸಾಗಿಸಿದರೆ ಅಷ್ಟು ಲಾಭ. ಎತ್ತರ ಮೀರಿದ ಲಾರಿಯನ್ನು ತಡೆಯಲು ಚೆಕ್‌ಪೋಸ್ಟಿನಲ್ಲಿ ಅಡ್ಡಕಂಬ ಹಾಕಿದರು. ಅದಕ್ಕೆ ತಾಗಿದ ಕಬ್ಬು ಉದುರಿತು, ಹೆಚ್ಚಾದ ಕಬ್ಬನ್ನು ಕ್ಲೀನರುಗಳು ಕಿತ್ತು ರಸ್ತೆಬದಿಗೆ ಎಸೆದರು. ಕಾಡಿನ ಹುಲ್ಲು ದಿನಪೂರ್ತಿ ಮೇದರೂ ಸಿಗದ ಸಿಹಿ ಅಲ್ಲಿ ಬಿಟ್ಟಿ ಬಿದ್ದಿತ್ತು.

ಮೊದಮೊದಲು ಗಾಡಿ ಹೋದ ಮೇಲೆ ಆನೆ ಬಂದು ಬಿದ್ದದ್ದನ್ನು ಆರಿಸಿಕೊಳ್ಳುತ್ತಿತ್ತು. ಆಮೇಲೆ ಗಾಡಿ ಇರುವಾಗಲೇ ಮರದ ಮರೆಯಲ್ಲಿ ನಿಲ್ಲತೊಡಗಿತು. ಇದನ್ನು ನೋಡಿದ ಕೆಲವು ಡ್ರೈವರುಗಳಿಗೆ ಪುಣ್ಯದ ಆಸೆ, ಕೆಲವರಿಗೆ ತಮಾಷೆ. ಕ್ಯಾಬಿನ್ ಮೇಲಿಂದ ನಾಲ್ಕು ಜಲ್ಲೆ ಎಳೆದು ಕೊಟ್ಟರು. ಈಗ ಆನೆ ರಸ್ತೆ ಮಧ್ಯೆ ಬಂದು ಲಾರಿ ನಿಲ್ಲಿಸಿ ತಾನೇ ಎಳೆದುಕೊಳ್ಳುತ್ತೆ. ಸಾಲಾಗಿ ಗಾಡಿಗಳು ನಿಲ್ಲುತ್ತವೆ, ಜನ ಇಳಿದು ಫೋನು ಹಿಡಿಯುತ್ತಾರೆ, ಸಂಜೆಗೆ ಎಲ್ಲರ ಮೊಬೈಲಿನಲ್ಲೂ ‘ಟೋಲ್ ವಸೂಲಿ ಮಾಡುವ ಆನೆ’.

ಆದರೆ ನೀನು ನೋಡಬೇಕಾದದ್ದು ಕಬ್ಬು ಎಳೆಯುವ ದೊಡ್ಡ ಆನೆಯನ್ನಲ್ಲ ಕೂಸೇ, ಅದರ ಕಾಲಸಂದಿಯಲ್ಲಿ ನಿಂತಿರುವ ಮರಿಯನ್ನು. ಆನೆಮರಿ ಹುಟ್ಟುವಾಗಲೇ ಎಲ್ಲ ಕಲಿತು ಬರುವುದಿಲ್ಲ. ಯಾವ ತಿಂಗಳು ಯಾವ ಹಳ್ಳದಲ್ಲಿ ನೀರು, ಯಾವ ಮರದ ತೊಗಟೆ ರುಚಿ, ಇದೆಲ್ಲ ತಾಯಿಯ ಹಿಂದೆ ಅಲೆದು ವರ್ಷಗಟ್ಟಲೆ ಕಲಿಯುವ ಪಾಠ ಅಂತ ನೀನೇ ನನಗೆ ಹೇಳಿದ್ದು. ಈ ಮರಿ ಕಲಿಯುತ್ತಿರುವ ಪಾಠ ಯಾವುದು? ರಸ್ತೆಯೇ ಹೊಲ, ಹಾರ್ನೇ ಊಟದ ಗಂಟೆ. ಅದು ದೊಡ್ಡದಾದ ಮೇಲೆ ಎದುರಿಗೆ ಬರುವ ಎಲ್ಲ ಗಾಡಿಯಲ್ಲೂ ಕಬ್ಬಿರುವುದಿಲ್ಲ. ಹೆಂಡತಿ ಮಗುವನ್ನು ಕೂರಿಸಿಕೊಂಡು ತಾಳವಾಡಿಯ ಹಬ್ಬಕ್ಕೆ ಹೊರಟವನ ಬೈಕಿನಲ್ಲಿ ಏನಿರುತ್ತೆ? ನಾಲ್ಕು ಜಲ್ಲೆ ಎಸೆದ ಡ್ರೈವರು ಆ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಲೋಡು ಇಳಿಸಿ ಟೀ ಕುಡಿಯುತ್ತಿರುತ್ತಾನೆ.

ಒಂದು ಬಾಳೆಹಣ್ಣು ಕೊಟ್ಟರೆ ಏನಾಗುತ್ತೆ ಅಂತ ಬಸ್ಸಿನಲ್ಲಿ ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ಒಂದು ಓಟಿನಿಂದ ಏನಾಗುತ್ತೆ ಅಂತ ನಮ್ಮ ಸಂತೆಮರಹಳ್ಳಿಯವರನ್ನು ಕೇಳಿ ಅಂತಿದ್ದೆ. 2004ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಕ್ಷೇತ್ರದಲ್ಲಿ ಧ್ರುವನಾರಾಯಣರಿಗೆ 40,752, ಕೃಷ್ಣಮೂರ್ತಿಯವರಿಗೆ 40,751. ನೀನಾಗ ಎಳೆ ಕೂಸು. ಆ ಒಂದು ಓಟು ತನ್ನದೇ ಅಂತ ಅವತ್ತು ಊರಲ್ಲಿ ಎದೆ ತಟ್ಟಿಕೊಂಡವರು ಎಷ್ಟು ಜನ ಗೊತ್ತಾ! ಬಾಳೆಹಣ್ಣಿನ ವಿಷಯದಲ್ಲಿ ಮಾತ್ರ ಯಾರೂ ತನ್ನದೇ ಅನ್ನುವುದಿಲ್ಲ.

ಊಟಿ ಲೈನಿಗೆ ಬಾ. 2025ರ ಆಗಸ್ಟ್‌ನಲ್ಲಿ ನಂಜನಗೂಡಿನ ಕಡೆಯವರೊಬ್ಬರು ಬಂಡೀಪುರದ ರಸ್ತೆಯಲ್ಲಿ ಗಾಡಿಯಿಂದಿಳಿದು ಆನೆ ಹತ್ತಿರ ಹೋಗಿ ಅಟ್ಟಿಸಿಕೊಂಡದ್ದು, ಬಿದ್ದದ್ದು, ಕಾಲಿನಡಿ ಸಿಕ್ಕಿ ಬದುಕಿಬಂದದ್ದು ನೀನೂ ವೀಡಿಯೊದಲ್ಲಿ ನೋಡಿರುತ್ತೀಯ. ಇಲಾಖೆ 25,000 ರೂಪಾಯಿ ದಂಡ ಹಾಕಿತು. ಜನ ಆ ಮನುಷ್ಯನನ್ನು ಬೈದು ಸುಮ್ಮನಾದರು. ನನಗೆ ಅವರ ಮೇಲೆ ಅಷ್ಟೇನೂ ಸಿಟ್ಟಿಲ್ಲ. ರಸ್ತೆ ಪಕ್ಕದಲ್ಲಿ ಆರಾಮಾಗಿ ನಿಂತ ಆನೆ ನೋಡಿದರೆ ಯಾರಿಗೂ ಅನ್ನಿಸುತ್ತೆ, ಪಾಪ ಇದು ಸಾಧು ಅಂತ. ಗೋಪಾಲಸ್ವಾಮಿ ಬೆಟ್ಟದಲ್ಲಿ ದೇವಸ್ಥಾನದ ಬಳಿಗೇ ಬರುವ ಒಂಟಿಸಲಗವನ್ನು ನೋಡಿ ಕೈಮುಗಿಯುತ್ತಾರಲ್ಲ, ಅವರಿಗೂ ಹಾಗೇ ಅನ್ನಿಸುತ್ತೆ. ದೂರದಿಂದ ನೋಡುವಾಗ ಸುಮ್ಮನಿರುವ ಆನೆ ಹತ್ತಿರ ಬಿಟ್ಟುಕೊಳ್ಳುವ ಆನೆಯಲ್ಲ. ಅದು ನಮ್ಮನ್ನು ಸಹಿಸಿಕೊಂಡಿದೆ, ಅಷ್ಟೆ. ಎಷ್ಟು ಅಡಿವರೆಗೆ ಸಹಿಸುತ್ತೆ ಅನ್ನುವುದನ್ನು ಹೊಸಬ ಪ್ರವಾಸಿ ತಿಳಿಯುವುದು ಓಡುವಾಗಲೇ.

ಈಗ ಗುಂಡ್ಲುಪೇಟೆ ದಾಟಿ, ಬಂಡೀಪುರ ದಾಟಿ, ಮುದುಮಲೈಯ ಆಚೆ ಮಸಿನಗುಡಿ ಕಡೆಗೆ ಬಾ. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇರುವುದು ಅಲ್ಲಿ.

ಅಲ್ಲಿ ರಿವಾಲ್ಡೊ ಅಂತ ಒಂದು ಸಲಗ. ಸೊಂಡಿಲ ತುದಿಗೆ ಗಾಯವಾಗಿತ್ತು. ಮನೆ, ರೆಸಾರ್ಟುಗಳ ಹತ್ತಿರ ಬರುತ್ತಿತ್ತು, ಜನ ಹಣ್ಣು ಕೊಡುತ್ತಿದ್ದರು. ಎಷ್ಟು ಒಗ್ಗಿತ್ತೆಂದರೆ 2021ರ ಮೇ ತಿಂಗಳಲ್ಲಿ ಹಣ್ಣಿನ ಆಸೆ ತೋರಿಸಿಯೇ ಅದನ್ನು ಕ್ರಾಲ್ ಅನ್ನುವ ಮರದ ದೊಡ್ಡಿಯೊಳಗೆ ಸೇರಿಸಿದರು. ಆಗಸ್ಟ್‌ನಲ್ಲಿ ಲಾರಿಯಲ್ಲಿ ಒಯ್ದು ದೂರದ ಒಳಕಾಡಿಗೆ ಬಿಟ್ಟರು. ಒಂದು ದಿನದೊಳಗೆ ಸುಮಾರು 40 ಕಿ.ಮೀ. ನಡೆದು ಹಳೆಯ ಜಾಗಕ್ಕೇ ವಾಪಸು ಬಂತು! ಪೇಪರಿನಲ್ಲಿ ಓದಿ ನಕ್ಕೆ, ಆಮೇಲೆ ನಗು ನಿಂತುಹೋಯಿತು. ಕಾಡೇ ಹುಟ್ಟಿದ ಮನೆಯಾದ ಪ್ರಾಣಿಗೆ ಕಾಡು ಸಾಲದೆ ಹೋಯಿತಲ್ಲ.

ಅದಕ್ಕೆ ಕೆಲವೇ ತಿಂಗಳ ಹಿಂದೆ, 2021ರ ಜನವರಿಯಲ್ಲಿ, ಅದೇ ಮಸಿನಗುಡಿಯಲ್ಲಿ ಇನ್ನೊಂದು ಆನೆ. ಅದಕ್ಕೂ ಬೆನ್ನಮೇಲೆ ಗಾಯ, ಅದೂ ಮನೆಗಳ ಹತ್ತಿರ ಸುಳಿಯುತ್ತಿತ್ತು. ಒಂದು ರಾತ್ರಿ ರೆಸಾರ್ಟಿನ ಹತ್ತಿರ ಬಂದಾಗ ಯಾರೋ ಉರಿಯುವ ಟೈರನ್ನು ಅದರ ಮೇಲೆಸೆದರು. ಟೈರು ಕಿವಿಗೆ ಸಿಕ್ಕಿಕೊಂಡು, ತಲೆಗೆ ಬೆಂಕಿ ಹೊತ್ತುಕೊಂಡು ಕತ್ತಲಲ್ಲಿ ಓಡಿತು. ಚಿಕಿತ್ಸೆಗೆ ಲಾರಿಯಲ್ಲಿ ಸಾಗಿಸುವಾಗ ದಾರಿಯಲ್ಲೇ ಸತ್ತಿತು. ಇಲಾಖೆಯ ನೌಕರರೊಬ್ಬರು ಅದರ ಸೊಂಡಿಲು ಸವರುತ್ತಾ ಅಳುವ ವೀಡಿಯೊ ಬಂತು. ಟೈರು ಎಸೆದ ವೀಡಿಯೊ ಕೂಡ ಬಂತು, ಅದರಿಂದಲೇ ಕೆಲವರ ಬಂಧನವಾಯಿತು.

ನಾನು ಹೇಳಬೇಕೆಂದಿರುವುದು ಇಷ್ಟೇ ಕೂಸೇ. ಪ್ರಾಣಿ ಒಗ್ಗುವುದು ನಿನಗಲ್ಲ. ನೀನು ಹಣ್ಣು ಕೊಟ್ಟರೆ ‘ಈ ಹುಡುಗಿ ಒಳ್ಳೆಯವಳು’ ಅಂತ ಬೇರೆಯವರನ್ನು ಬಿಟ್ಟು ನಿನ್ನನ್ನೇ ನಂಬುವ ಲೆಕ್ಕ ಅದರಲ್ಲಿಲ್ಲ. ಎರಡು ಕಾಲಲ್ಲಿ ನಡೆಯುವ ಎಲ್ಲರನ್ನೂ ನಂಬಲು ಶುರು ಮಾಡುತ್ತೆ. ನಾವೋ ಎಲ್ಲ ಒಂದೇ ಥರದವರಲ್ಲ. ಒಂದೇ ಬೀದಿಯಲ್ಲಿ ಒಬ್ಬ ಹಣ್ಣು ಹಿಡಿದು ನಿಂತರೆ ಮತ್ತೊಬ್ಬ ಟೈರಿಗೆ ಸೀಮೆಎಣ್ಣೆ ಸುರಿಯುತ್ತಾನೆ. ಹಣ್ಣು ಕೊಟ್ಟವನು ಒಳ್ಳೆಯವನಿರಬಹುದು, ಆದರೆ ಉಳಿದವರ ಪರವಾಗಿ ಜಾಮೀನು ನಿಲ್ಲಲು ಅವನಿಗೆ ಅಧಿಕಾರ ಕೊಟ್ಟವರ್ಯಾರು?

ನೀನು ಸುಮ್ಮನೆ ಒಪ್ಪುವವಳಲ್ಲ. ಕಾಗದದಲ್ಲಿ ಕೊಕ್ಕರೆಬೆಳ್ಳೂರಿನ ಹೆಸರು ಎತ್ತಿದ್ದೀಯ. ಒಳ್ಳೆಯ ಉದಾಹರಣೆ. ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯ ಮುಂದಿನ ಹುಣಸೆಮರದಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಕೆಳಗೆ ದನ ಕಟ್ಟಿರುತ್ತೆ, ಹೆಂಗಸರು ಮುಸುರೆ ತಿಕ್ಕುತ್ತಿರುತ್ತಾರೆ, ಹಕ್ಕಿಗೆ ಕ್ಯಾರೆ ಇಲ್ಲ. ಆದರೆ ಅಲ್ಲಿ ಒಪ್ಪಿರುವುದು ಒಬ್ಬರಲ್ಲ, ಇಡೀ ಊರು, ಅದೂ ತಲೆತಲಾಂತರದಿಂದ. ಹಕ್ಕಿ ಬಂದರೆ ಊರಿಗೆ ಶುಭ ಅಂದುಕೊಂಡವರು, ಹಿಕ್ಕೆಯನ್ನು ಗೊಬ್ಬರಕ್ಕೆ ಹಾಕಿಕೊಂಡವರು, ನಾತ ಸಹಿಸಿಕೊಂಡವರು. ಗೂಡಿನಿಂದ ಬಿದ್ದ ಮರಿ ಸಾಕಲು ಹೆಜ್ಜಾರ್ಲೆ ಬಳಗ ಹುಟ್ಟಿಕೊಂಡಿತು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ಇನ್ನೊಂದು ಗಮನಿಸು: ಊರಿನವರು ಹಕ್ಕಿಗೆ ಕೊಡುವುದು ಕೊಂಬೆ, ಮೀನಲ್ಲ. ಊಟಕ್ಕೆ ಅವು ಕೆರೆ, ಹೊಳೆ ಹುಡುಕಿಕೊಂಡು ಹಾರಲೇಬೇಕು. ಮೇಲಾಗಿ ಹೆಜ್ಜಾರ್ಲೆ ಸಿಟ್ಟಿಗೆದ್ದರೂ ಯಾರ ಮನೆಯ ಗೋಡೆಯೂ ಬೀಳುವುದಿಲ್ಲ!

ಭೋಗೇಶ್ವರನ ಹೆಸರನ್ನೂ ನಾನೇ ಸೇರಿಸುತ್ತೇನೆ, ನಿನ್ನ ಕಡೆಗೇ ಇರಲಿ. ಕಬಿನಿ ಹಿನ್ನೀರಿನ ಆ ದೊಡ್ಡ ದಂತದ ಸಲಗ ಸಫಾರಿ ಜೀಪುಗಳಿಗೆ ಒಗ್ಗಿ ಸಾಧುವಾಗಿ ನಡೆದುಹೋಗುತ್ತಿತ್ತು. 2022ರ ಜೂನ್‌ನಲ್ಲಿ ಗುಂಡ್ರೆ ವಲಯದಲ್ಲಿ ವಯಸ್ಸಾಗಿಯೇ ಸತ್ತಿತು. ಒಂದು ದಂತ 2.54 ಮೀಟರ್, ಇನ್ನೊಂದು 2.34. ಅಂಥ ದಂತ ಹೊತ್ತು ಒಂದು ಆನೆ ಮುಪ್ಪಿನವರೆಗೆ ಬದುಕಿದ್ದು ಸಣ್ಣ ಮಾತಲ್ಲ. ಜೀಪು ಬಂತು, ನಿಂತಿತು, ಹೋಯಿತು. ಕೈ ಹೊರಗೆ ಬರಲಿಲ್ಲ, ಕಾಲು ಕೆಳಗಿಳಿಯಲಿಲ್ಲ. ಸುತ್ತ ಕಾವಲೂ ಇತ್ತು. ನೀನು ಬರೆದ ಆಫ್ರಿಕದ ಬೆಟ್ಟದ ಗೊರಿಲ್ಲಾ ಕತೆಯೂ ಇದೇ ತಾನೆ? ಜನರಿಗೆ ಒಗ್ಗಿಸಿದರು, ಸಂಖ್ಯೆ ಸಾವಿರ ದಾಟಿತು. ಆದರೆ ಬೆಳಗಾದರೆ ಕಾವಲುಗಾರರು ಹಿಂದೆ ಇರುತ್ತಾರೆ, ನೋಡಲು ಹೋದವರು ಇಂತಿಷ್ಟು ದೂರ ನಿಲ್ಲಬೇಕು, ನೆಗಡಿ ಆದವನು ಹೋಗುವಂತಿಲ್ಲ. ಅಂದರೆ ಅಲ್ಲಿ ಗೊರಿಲ್ಲಾಗಿಂತ ಹೆಚ್ಚು ಪಾಠ ಹೇಳಿಸಿಕೊಂಡಿರುವುದು ಮನುಷ್ಯರು.

ಜೇನ್ ಗುಡಾಲ್ ಪುಸ್ತಕ ನನಗೆ ಓದಿ ಹೇಳಿದ್ದು ನೀನೇ. ಆಯಮ್ಮ 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಫೋನಿನಲ್ಲಿ ಅತ್ತವಳೂ ನೀನೇ. ಆಫ್ರಿಕದ ಗೊಂಬೆ ಅನ್ನುವ ಕಾಡಿನಲ್ಲಿ ಚಿಂಪಾಂಜಿಗಳು ಹತ್ತಿರ ಬರಲಿ ಅಂತ ಬಾಳೆಹಣ್ಣು ಇಟ್ಟಳು, ಬಂದವು. ಹಣ್ಣಿಗಾಗಿ ತಮ್ಮತಮ್ಮಲ್ಲೇ ಹೊಡೆದಾಟ ಹೆಚ್ಚಾಯಿತು, ಕೊಡುವ ರೀತಿಯನ್ನೇ ಬದಲಿಸಿ ಕಡಿಮೆ ಮಾಡಬೇಕಾಯಿತು. 1966ರಲ್ಲಿ ಪೋಲಿಯೊ ಬಂದು ಕೆಲವು ಸತ್ತವು, ಕೆಲವು ಕೈಕಾಲಿನ ಸ್ವಾಧೀನ ಕಳೆದುಕೊಂಡವು. ಅಷ್ಟು ಪ್ರೀತಿ, ಅಷ್ಟು ಬುದ್ಧಿ ಇದ್ದವಳ ಕೈಯಲ್ಲೇ ಹೀಗಾದರೆ ಚಿಪ್ಸ್ ಪ್ಯಾಕೆಟ್ ಹಿಡಿದು ಬಂಡೀಪುರದ ಮೇಲುಕಾಮನಹಳ್ಳಿ ಗೇಟು ದಾಟುವ ನಮ್ಮವರ ಗತಿ ಏನು?

ನಾವು ಕರೆಯದೆಯೇ ನಮಗೆ ಒಗ್ಗಿಕೊಂಡವೂ ಇವೆ. ನಮ್ಮೂರಿಗೆ ಕಾಡು ತಾಗಿಕೊಂಡಿಲ್ಲ; ಬಿಳಿಗಿರಿರಂಗನ ಬೆಟ್ಟ ಯಳಂದೂರಿನ ಆಚೆ ನೀಲಿಯಾಗಿ ಕಾಣುತ್ತೆ ಅಷ್ಟೆ. ಆದರೂ ಚಿರತೆಗೆ ಕಾಡೇ ಬೇಕಂತಿಲ್ಲ. ನಾಲೆ ನೀರಿನ ಕಬ್ಬಿನಗದ್ದೆ ಸಾಕು, ಪಾಳುಬಿದ್ದ ಕಲ್ಲುಕ್ವಾರಿ ಸಾಕು. ಕಬ್ಬಿನಲ್ಲೇ ಮರಿ ಹಾಕುತ್ತೆ. ಆ ಮರಿ ಕಣ್ಣು ಬಿಡುವಾಗ ಕೇಳುವುದು ಟ್ರ್ಯಾಕ್ಟರ್ ಸದ್ದು, ಪಂಪ್‌ಸೆಟ್ ಸದ್ದು. ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಅತ್ರೇಯ ಅವರು ಇಂಥ ಚಿರತೆಗಳನ್ನೇ ಅಧ್ಯಯನ ಮಾಡಿದ್ದು ಅಂದಿದ್ದೆ ನೀನು: ರಾತ್ರಿ ಓಡಾಡಿ, ಹೆಚ್ಚಾಗಿ ನಾಯಿ ಹಿಡಿದು ತಿಂದು, ಹಗಲು ಜನರ ನಡುವೆಯೇ ಅಡಗಿ ಮಲಗಿ, ಯಾರ ತಂಟೆಗೂ ಬಾರದೆ ಬದುಕುತ್ತಿದ್ದವು. ಅವು ನಮ್ಮ ಸದ್ದಿಗೆ, ದೀಪಕ್ಕೆ ಒಗ್ಗಿವೆ, ಆದರೆ ನಮ್ಮಿಂದ ಅಡಗುವುದನ್ನು ಬಿಟ್ಟಿಲ್ಲ. ಆ ಅಡಗುವ ಬುದ್ಧಿಯೇ ಅವನ್ನೂ ನಮ್ಮನ್ನೂ ಕಾಪಾಡಿಕೊಂಡು ಬಂದಿರುವುದು.

ಅದು ತಪ್ಪಿದರೆ ಏನಾಗುತ್ತೆ ಅಂತ ಪಕ್ಕದ ತಿರುಮಕೂಡಲು ನರಸೀಪುರ ನೋಡಿತು. ನೀನಾಗ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ನಾಲ್ಕು ಜನ ಚಿರತೆ ಬಾಯಿಗೆ ಹೋದರು. ಕೊನೆಯವನು ಹನ್ನೊಂದು ವರ್ಷದ ಹುಡುಗ. ಮೂಗೂರು ರಸ್ತೆಯಲ್ಲಿ ಕತ್ತಲಾದ ಮೇಲೆ ಒಬ್ಬರೂ ಹೊರಗೆ ಬರುತ್ತಿರಲಿಲ್ಲ. ನಿಮ್ಮಜ್ಜಿ ಹಿತ್ತಲಿಗೆ ಹೋಗಲೂ ನನ್ನನ್ನು ಎಬ್ಬಿಸುತ್ತಿದ್ದಳು. ಆ ದಿನಗಳಲ್ಲಿ ಯಾರಾದರೂ ಬಂದು ‘ಪ್ರಾಣಿಗಳು ಮನುಷ್ಯರಿಗೆ ಒಗ್ಗಿಕೊಳ್ಳಲಿ’ ಅಂದಿದ್ದರೆ ಊರವರು ಏನು ಮಾಡುತ್ತಿದ್ದರೋ.

ಹೊಲ ಕಾಯುವವರನ್ನು ಕೇಳು, ಅವರು ಇನ್ನೊಂದು ಥರದ ಒಗ್ಗುವಿಕೆ ಹೇಳುತ್ತಾರೆ. ಮೊದಲು ತಮಟೆ ಬಡಿದರೆ ಆನೆ ತಿರುಗುತ್ತಿತ್ತು. ಆಮೇಲೆ ಪಟಾಕಿ ಬೇಕಾಯಿತು. ಈಗ ಪಟಾಕಿ ಹೊಡೆದರೆ ಮುಗಿಯುವವರೆಗೆ ನಿಂತು ಕೇಳಿಸಿಕೊಂಡು ಮತ್ತೆ ಮುಸುಕಿನ ಜೋಳಕ್ಕೆ ಸೊಂಡಿಲು ಹಾಕುತ್ತೆ. ಸೋಲಾರ್ ತಂತಿಯ ಮೇಲೆ ಮರ ಉರುಳಿಸುವುದನ್ನು ಕಲಿತಿವೆ, ಆನೆಕಂದಕದ ಅಂಚನ್ನು ಮಣ್ಣು ಕೆದರಿ ಇಳಿಯುವುದನ್ನು ಕಲಿತಿವೆ. ಅಟ್ಟಣೆ ಮೇಲೆ ಕೂತ ರೈತನಿಗೆ ಉಳಿದಿರುವುದು ಏನು? ಅವನು ತಂತಿಗೆ ನೇರ ಕರೆಂಟು ಕೊಡುವ ಯೋಚನೆಗೆ ಬರುವುದು ಅಲ್ಲಿಂದಲೇ. ತಪ್ಪು ಅಂತ ನನಗೂ ಗೊತ್ತು, ಅವನಿಗೂ ಗೊತ್ತು.

ಮಾದಪ್ಪ ಹುಲಿಯನ್ನೇ ವಾಹನ ಮಾಡಿಕೊಂಡ, ನಮ್ಮ ಜನಕ್ಕೆ ಹುಲಿ ಹೊಸದಾ ಅಂತ ತಮಾಷೆ ಮಾಡಿದ್ದೀಯ. ಮಾದಪ್ಪನಿಗೆ ಮಾತ್ರ ಸಾಧ್ಯವಾಯಿತು ಅನ್ನುವುದಕ್ಕೇ ಅದು ಪವಾಡ. ಅವನದೇ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ, ಹೂಗ್ಯಂ ವಲಯದಲ್ಲಿ, 2025ರ ಜೂನ್‌ನಲ್ಲಿ ಒಂದು ತಾಯಿಹುಲಿ, ನಾಲ್ಕು ಮರಿ ಒಟ್ಟಿಗೆ ಸತ್ತುಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿಗೆ ವಿಷ ಹಾಕಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದವರು ಹುಲಿ ಹಿಡಿಯಲಿಲ್ಲ ಅಂತ ಇಲಾಖೆಯ ಸಿಬ್ಬಂದಿಯನ್ನೇ ಬೋನಿಗೆ ಕೂಡಿದರು. ನವೆಂಬರ್‌ನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ಜನ ಸತ್ತಾಗ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿದರು. ಜೀಪು ನೋಡಿ ನೋಡಿ ಹುಲಿಗೆ ಜನರ ಅಂಜಿಕೆ ಹೋಗಿದೆ ಅನ್ನುವುದು ರೈತರ ವಾದ. ಪೂರ್ತಿ ನಿಜವೋ ಅಲ್ಲವೋ, ಅದನ್ನು ನಿಮ್ಮಂಥ ಓದಿದವರು ಅಳೆದು ಹೇಳಬೇಕು. ಆದರೆ ಆ ಸಿಟ್ಟು ನಿಜ. ನೀನು ಕೆಲಸಕ್ಕೆ ಸೇರಿದರೆ, ಸಫಾರಿ ನಡೆಯುವ ದಿನ ಬೆಳಿಗ್ಗೆ ಜೀಪಿನಲ್ಲಿ ತೋರಿಸುವ ಹುಲಿಯೇ ಸಂಜೆ ಆ ಸಿಟ್ಟಿನ ಹೊಲದ ಪಕ್ಕ ನಡೆದುಹೋಗುವುದು.

ಟೀ ಅಂಗಡಿಯಲ್ಲಿ ಇನ್ನೊಂದು ವಾದ ಕೇಳುತ್ತಿರುತ್ತೇನೆ. ‘ಪ್ರಾಣಿಗಳು ಗಾಡಿಗೆ ಒಗ್ಗಿಕೊಂಡಿವೆ ಬಿಡಿ ಸ್ವಾಮಿ, ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಯಾಕೆ ಮುಚ್ಚಬೇಕು?’ 2009ರಲ್ಲಿ ಆ ನಿರ್ಬಂಧ ಬಂದಾಗ ನಮ್ಮ ಡ್ರೈವರುಗಳಲ್ಲೇ ಎಷ್ಟೋ ಜನ ಗೊಣಗಿದರು. ಮುಚ್ಚುವ ಮೊದಲು ರಾತ್ರಿ ಹೆಡ್‌ಲೈಟಿಗೆ ಸಿಕ್ಕ ಜಿಂಕೆ ಓಡದೆ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಅಷ್ಟು ವರ್ಷ ಗಾಡಿ ನೋಡಿಯೂ ಬೆಳಕಿಗೆ ಒಗ್ಗಿರಲಿಲ್ಲ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಆ ರಸ್ತೆ ಅವುಗಳದು. ಹಾಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಗುಂಡ್ಲುಪೇಟೆಯ ತರಕಾರಿ ಒಂದು ರಾತ್ರಿ ತಡವಾದರೆ ಕೇರಳದ ಸಾಂಬಾರು ಕೆಡುವುದಿಲ್ಲ.

ಹಾಗಾದರೆ ಕೆಲಸಕ್ಕೆ ಸೇರಬೇಡ ಅಂತೀಯಾ ತಾತ ಅಂತ ಮುಖ ಊದಿಸಬೇಡ. ಸೇರು. ಆದರೆ ಸೇರುವ ಮುಂಚೆ ಸಂಬಳದ ಜೊತೆಗೆ ನಾಲ್ಕು ಮಾತು ಕೇಳು. ರಾತ್ರಿ ಅಡುಗೆಮನೆಯ ಮುಸುರೆ, ಹಣ್ಣಿನ ಸಿಪ್ಪೆ ಎಲ್ಲಿಗೆ ಹಾಕುತ್ತೀರಿ? ಗುಂಡಿಗೆ ಮುಚ್ಚಳ ಇದೆಯಾ? ಜಿಂಕೆ, ಕಡವೆ ಬರಲಿ ಅಂತ ಹಿಂಬದಿಯಲ್ಲಿ ಉಪ್ಪು ಇಡುವ, ಊಟದ ಮೇಜಿನಿಂದ ಕಾಣುವ ಹಾಗೆ ನೀರಿನ ಗುಂಡಿ ತೋಡುವ ಅಭ್ಯಾಸ ಇದೆಯಾ? ರಾತ್ರಿ ಆನೆ ಬೇಲಿ ಹತ್ತಿರ ಬಂದರೆ ಅತಿಥಿಗಳನ್ನು ಎಬ್ಬಿಸಿ ತೋರಿಸುತ್ತೀರಾ, ಇಲ್ಲ ದೀಪ ಆರಿಸಿ ಒಳಗಿರಿ ಅನ್ನುತ್ತೀರಾ? ಹುಲಿಯ ಹತ್ತಿರ ಜೀಪು ಒಯ್ಯದ ಡ್ರೈವರಿಗೆ ಟಿಪ್ಸ್ ಕಡಿಮೆಯಾದರೆ ಅದನ್ನು ತುಂಬಿಕೊಡುವವರು ಯಾರು? ಈ ಕೊನೆಯದನ್ನು ಮರೆಯದೆ ಕೇಳು. ಸ್ಟೇರಿಂಗ್ ಹಿಡಿದವನ ಕಷ್ಟ ನನಗೆ ಗೊತ್ತು. ಹತ್ತಿರ ಹೋಗು ಹೋಗು ಅಂತ ಹಿಂದೆ ಕೂತವರು ಬೆನ್ನು ತಟ್ಟುವಾಗ ಬ್ರೇಕಿನ ಮೇಲೆ ಕಾಲಿಡುವುದಕ್ಕೆ ಮಾಲೀಕನ ಬೆಂಬಲ ಬೇಕು.

ಅವರು ಏನಂದರು ಅಂತ ಬರೆ. ನೆಟ್ಟಗೆ ಉತ್ತರ ಕೊಟ್ಟರೆ ನಾನೇ ಬಂದು ಬಿಟ್ಟುಹೋಗುತ್ತೇನೆ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂ ನಾಲ್ಕು ಜನ ಪರಿಚಯದವರಿದ್ದಾರೆ, ಮುಂದಿನ ಸೀಟು ಕೊಡಿಸುತ್ತಾರೆ. ಉಡಾಫೆ ಮಾಡಿದರೆ ಬೇರೆ ಕಡೆ ಅರ್ಜಿ ಹಾಕು, ಎಂಎಸ್ಸಿ ಓದಿದವಳಿಗೆ ಆ ಒಂದೇ ಗೇಟಲ್ಲ. ಅಜ್ಜಿ ಹುರುಳಿಕಾಳು, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಶನಿವಾರ ಮೈಸೂರಿಗೆ ಬರುವವರ ಕೈಲಿ ಕಳಿಸುತ್ತೇನೆ. ಹಾಸ್ಟೆಲ್ ಹೆಣ್ಣುಮಕ್ಕಳಿಗೂ ಸ್ವಲ್ಪ ಕೊಡು.

ಇಂತು,
ನಿನ್ನ ತಾತ